ಬೀಗವೂ ಬೈಸಿಕಲ್ಲಿನ ಬಣ್ಣವೂ

ಬೇಲಿಯೇ ಎದ್ದು ಹೊಲವನ್ನು ಮೇಯಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಳ್ಳರಿಂದ ಬೈಸಿಕಲ್ಲನ್ನು ಕಾಯಬೇಕಾದ ಬೀಗವೇ ಅದರ ಚೌಕಟ್ಟಿನ ಬಣ್ಣವನ್ನು ಕೆರೆದು ತುಕ್ಕಿಗೆ ದಾರಿ ಮಾಡಿಕೊಡುವುದೂ ಅಂತಹುದೇ ಸಂಗತಿ.

ಪುಣೆಯು ಒಂದು ಕಾಲಕ್ಕೆ ಬೈಸಿಕಲ್ಲುಗಳ ನಗರವೆಂದೇ ಹೆಸರಾಗಿದ್ದಿತು. ಅಲ್ಲಿಂದ ಅಹಿಲ್ಯಾನಗರಕ್ಕೆ (ಹಿಂದಿನ ಅಹಮದನಗರ) ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದಲ್ಲಿ ರಾಂಜಣಗಾಂವವಿದೆ. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಕ್ಷೇತ್ರವಾದ ಈ ಊರು ಇಂದು ದೊಡ್ಡ ಕೈಗಾರಿಕಾ ಪ್ರದೇಶವೂ ಆಗಿದೆ. ಇಂತಹ ಸ್ಥಳದಲ್ಲಿ ಕೆಲಸಕ್ಕೋ ಶಾಲೆಗೋ ಬೈಸಿಕಲ್ಲನ್ನೇ ನಂಬಿ ಹೋಗುವವರಿಗೆ ಅದು ಕಾಲಿನಷ್ಟೇ ಅವಶ್ಯಕ. ಹೊಸದನ್ನು ಕೊಳ್ಳುವುದು ಸುಲಭವಲ್ಲದ ಮನೆಯಲ್ಲಿ ಇದ್ದುದನ್ನು ಉಳಿಸಿಕೊಳ್ಳುವುದೇ ಜಾಣತನ.

ಬಣ್ಣವು ಬರಿಯ ಅಲಂಕಾರವಲ್ಲ. ಸಾಮಾನ್ಯ ಬೈಸಿಕಲ್ಲಿನ ಚೌಕಟ್ಟು ಉಕ್ಕಿನ ಕೊಳವೆಗಳಿಂದಾದುದು. ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿನ ಆಮ್ಲಜನಕವೂ ಒಟ್ಟಿಗೆ ತಗಲಿದರೆ ತುಕ್ಕು ಹುಟ್ಟುತ್ತದೆ. ಇವೆರಡನ್ನೂ ಬಣ್ಣದ ತೆಳುಪದರವು ತಡೆದಿರುತ್ತದೆ. ಗೀರು ಬಿದ್ದಲ್ಲಿ ಈ ತಡೆ ಮುರಿಯಿತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಸುತ್ತಲಿನ ಬಣ್ಣವನ್ನು ಮೇಲಕ್ಕೆತ್ತುತ್ತದೆ. ಆ ಸಂದಿನಲ್ಲಿ ಮತ್ತೆ ನೀರು ಸೇರುತ್ತದೆ. ಹೀಗೆ ಕೂದಲೆಳೆಯಂತಹ ಗೀರು ಒಂದೆರಡು ಮಳೆಗಾಲಗಳಲ್ಲಿ ಅಂಗೈಯಗಲದ ಹುಣ್ಣಾಗಬಹುದು.

ಬೀಗದ ಸರಪಣಿಯನ್ನು ಚೌಕಟ್ಟಿಗೆ ಸುತ್ತಿಕೊಂಡು ಸವಾರಿ ಮಾಡಿದರೆ ಪ್ರತಿ ಕುಲುಕಿಗೂ ಅದು ಬಣ್ಣವನ್ನು ಬಡಿಯುತ್ತದೆ. ನಡುವೆ ಸಿಕ್ಕ ಧೂಳು ಇನ್ನೂ ಕ್ರೂರವಾದುದು. ಜರ್ಮನಿಯ ಮೋಸ್ ಎಂಬ ವಿಜ್ಞಾನಿಯು 1812ರಲ್ಲಿ ರಚಿಸಿದ ಗಡಸುತನದ ಶ್ರೇಣಿಯಲ್ಲಿ, ಮರಳಿನ ಮುಖ್ಯಾಂಶವಾದ ಬೆಣಚುಕಲ್ಲಿಗೆ 7ನೆಯ ಸ್ಥಾನವಿದೆ; ಬಣ್ಣವು ಅದಕ್ಕಿಂತ ಬಹಳ ಮೃದು. ಆದುದರಿಂದ ಬಟ್ಟೆಯೊಳಗಿನ ಬೀಗವೂ ಮರಳು ಸೇರಿದರೆ ಬಣ್ಣವನ್ನು ಸವೆಯಿಸುತ್ತದೆ.

ಪರಿಹಾರಗಳು ಸುಲಭವಾದವು. ಮೊದಲನೆಯದಾಗಿ, ಸವಾರಿಯ ವೇಳೆ ಬೀಗವು ಚೀಲದಲ್ಲಿರಲಿ. ಎರಡನೆಯದಾಗಿ, ಹಳೆಯ ಟ್ಯೂಬನ್ನು ಸರಪಣಿಗೆ ತೊಡಿಸಬೇಕು. ಬೀಗ ತಾಗುವ ಕೊಳವೆಗೂ ಟ್ಯೂಬಿನ ತುಂಡೊಂದನ್ನು ಸುತ್ತಬೇಕು. ಮೂರನೆಯದಾಗಿ, ಹಿಂದಿನ ಚಕ್ರದ ಮೇಲ್ಗಡೆ ಪಟ್ಟಿಗಳಿಂದ ಬಿಗಿದ ಬೀಗವಿದ್ದರೆ, ಆ ಪಟ್ಟಿಗಳ ಕೆಳಗೆ ರಬ್ಬರನ್ನಿಟ್ಟು ಅಲುಗಾಡದಂತೆ ತಿರುಪುಗಳನ್ನು ಬಿಗಿಯಬೇಕು. ಹೊದಿಕೆಯ ಕೆಳಗೆ ನೀರು ನಿಂತರೆ ಕಾಣದಂತೆ ತುಕ್ಕು ಬೆಳೆಯುವುದು; ಆದುದರಿಂದ ಮಳೆಗಾಲದಲ್ಲಿ ಅದನ್ನು ಆಗಾಗ ಬಿಚ್ಚಿ, ಮರಳನ್ನು ತೊಳೆದು, ಒಣಗಿಸಿ ಮತ್ತೆ ಸುತ್ತತಕ್ಕದ್ದು.

ಗೀರು ಈಗಾಗಲೇ ಬಿದ್ದಿದ್ದರೆ ತಡಮಾಡಬಾರದು. ತುಕ್ಕನ್ನು ಉಪ್ಪುಕಾಗದದಿಂದ ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ, ಒರಸಿ, ರೆಡ್ ಆಕ್ಸೈಡ್ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಎನಾಮೆಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ರೋಗವನ್ನು ಮುಚ್ಚಿಟ್ಟಂತೆ.

ಬೀಗವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕಳ್ಳನು ಬೈಸಿಕಲ್ಲನ್ನು ಒಂದೇ ದಿನದಲ್ಲಿ ಒಯ್ಯುತ್ತಾನೆ, ತುಕ್ಕು ದಿನಕ್ಕಿಷ್ಟಿಷ್ಟಾಗಿ ಒಯ್ಯುತ್ತದೆ. ಇಬ್ಬರಿಂದಲೂ ಅದನ್ನು ಕಾಯುವುದು ಸವಾರನ ಧರ್ಮ.