ಬೈತಖೋಲ: ಗುಡ್ಡದ ಮರೆಯ ನೀರು

ಸಮುದ್ರದ ವಿಚಾರ ಮಧುಗಿರಿ ಸೀಮೆಯವರಿಗೇಕೆಂದು ಕೆಲವರು ಕೇಳಬಹುದು. ನಮ್ಮ ಜಯಮಂಗಲಿಯಾದರೂ ಪಡುವಣ ಕಡಲಿಗೆ ಹರಿಯುವುದಿಲ್ಲ. ಉತ್ತರ ಪಿನಾಕಿನಿಯನ್ನು ಕೂಡಿ ಮೂಡಣ ಸಮುದ್ರವನ್ನು ಸೇರುತ್ತದೆ. ಆದರೆ ಬಂಡೆಯ ವಿಚಾರ ನಮಗೆ ಹೊಸತಲ್ಲವಷ್ಟೆ. ಮಧುಗಿರಿಯ ಏಕಶಿಲಾ ಬೆಟ್ಟ ಒಂದು ಕೋಟೆಗೆ ಹೇಗೆ ಆಸರೆಯಾಯಿತೆಂಬುದನ್ನು ನೋಡಿ ಬೆಳೆದವರಿಗೆ, ಕಾರವಾರದ ಒಂದು ಗುಡ್ಡ ಹಡಗುಗಳಿಗೆ ಹೇಗೆ ಆಸರೆಯಾಯಿತೆಂಬುದು ಬೇಗ ತಿಳಿಯುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕಾರವಾರವು ಕಾಳಿ ನದಿಯ ಮುಖದ ತೆಂಕಣ ದಡದಲ್ಲಿದೆ. ನದಿಯಾಚೆ ಸೋದೆಯ ಅರಸರ ಸದಾಶಿವಗಡ. ಈಚೆ ಅರ್ಧಚಂದ್ರದಂತೆ ಬಾಗಿದ ಮರಳದಂಡೆ. ಅದರ ದಕ್ಷಿಣದ ತುದಿಯಲ್ಲಿ ಕಡಲೊಳಕ್ಕೆ ಚಾಚಿಕೊಂಡ ಗುಡ್ಡ. ಆ ಗುಡ್ಡದ ಮಗ್ಗುಲಲ್ಲಿ ಅಡಗಿರುವ ಕಿರುಕೊಲ್ಲಿಯೇ ಬೈತಖೋಲ. ಈ ಹೆಸರು ಅರಬ್ಬಿ ಮಾತಿನಿಂದ ಬಂದುದು, ಕ್ಷೇಮದ ಕೊಲ್ಲಿಯೆಂದು ಅದರ ಅರ್ಥ ಎಂದು ಹೇಳುವವರುಂಟು. ಕೊಂಕಣಿಯಲ್ಲಿ ‘ಖೋಲ್’ ಎಂದರೆ ಆಳ. ಎರಡೂ ಈ ಸ್ಥಳಕ್ಕೆ ಒಪ್ಪುವಂತಿರುವುದು ವಿನೋದದ ಸಂಗತಿ.

ಸಹ್ಯಾದ್ರಿಯ ಸಾಲು ಇಲ್ಲಿ ಸಮುದ್ರಕ್ಕೆ ಬಹಳ ಸಮೀಪ ಬಂದಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಕಡಲಿನ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಮಂಜು ಕರಗಿ ನೀರು ಏರಿದಂತೆ ಕಣಿವೆಗಳು ಮುಳುಗಿದವು. ತಗ್ಗು ಕೊಲ್ಲಿಯಾಯಿತು, ಗುಡ್ಡದ ಏಣು ಭೂಶಿರವಾಯಿತು, ಒಂಟಿ ಬೆಟ್ಟ ದ್ವೀಪವಾಯಿತು. ಕೂರ್ಮಗಡ, ದೇವಗಡ, ಅಂಜದೀವ ಇವೆಲ್ಲ ಹೀಗೆ ತಲೆಯೆತ್ತಿ ನಿಂತ ಬೆಟ್ಟಗಳೇ.

ಮುಂಗಾರಿನಲ್ಲಿ ಗಾಳಿಯೂ ಅಲೆಯೂ ನೈಋತ್ಯದಿಂದ, ಪಶ್ಚಿಮದಿಂದ ನುಗ್ಗಿ ಬರುತ್ತವೆ. ಭೂಶಿರದ ಬಳಿ ನೀರು ತೆಳುವಾದೊಡನೆ ಅಲೆಯ ವೇಗ ಕುಗ್ಗಿ, ಅದು ಬಂಡೆಯ ಕಡೆಗೆ ಬಾಗುತ್ತದೆ. ಅದರ ಕಸುವೆಲ್ಲ ಬಂಡೆಯ ಮೇಲೆ ಮುಗಿಯುತ್ತದೆ. ಬಳಸಿ ಒಳಗೆ ಬಂದ ಅಲೆ ಹರಡಿಕೊಂಡು ಸೊರಗುತ್ತದೆ. ದೊಡ್ಡ ಕೆರೆಯಲ್ಲಿ ಗಾಳಿ ಬೀಸುವಾಗ ಏರಿಯ ಕಲ್ಲಿಗೆ ನೀರು ಬಡಿಯುತ್ತಿದ್ದರೂ ಬಂಡೆಯ ಮರೆಯ ಮೂಲೆ ನಿಶ್ಚಲವಾಗಿರುವುದನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಪಡುವಣ ತೀರದ ಎಷ್ಟೋ ಬಂದರುಗಳು ಮಳೆಗಾಲದಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಇಂಥ ನಿಶ್ಚಲ ನೀರಿಗೆ ಇದ್ದ ಬೆಲೆಯನ್ನು ಊಹಿಸಿಕೊಳ್ಳಬಹುದು.

ಆ ಬೆಲೆಯನ್ನು ವರ್ತಕರು ಮೊದಲೇ ಅರಿತಿದ್ದರು. 1638ರಲ್ಲಿ ಕೋರ್ಟೀನನ ಕೂಟದ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು. ಘಟ್ಟದ ಕಾಳುಮೆಣಸು ಅವರನ್ನು ಎಳೆದು ತಂದಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ, ಧಾರವಾಡ ಸೀಮೆಯ ಹತ್ತಿಗೆ ಕಾರವಾರವೇ ಹೆಬ್ಬಾಗಿಲಾಗಬೇಕೆಂಬ ಯೋಚನೆ ಬಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭ ಬೆಳಗಿತು. ಬರಬೇಕಾಗಿದ್ದುದು ರೈಲು ಮಾತ್ರ. ಅದು ಬರಲಿಲ್ಲ, 1880ರ ದಶಕದಲ್ಲಿ ಹಳಿಗಳು ಪೋರ್ಚುಗೀಸರ ಮುರ್ಮಗೋವೆಗೆ ಇಳಿದವು, ವ್ಯಾಪಾರವೂ ಅವುಗಳ ಬೆನ್ನುಹತ್ತಿತು. ಕಾರವಾರ ರೈಲನ್ನು ಕಂಡುದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಿಂದ. ನಿಸರ್ಗ ಕೊಟ್ಟ ಬಂದರನ್ನು ಮನುಷ್ಯರ ಲೆಕ್ಕಾಚಾರ ಬದಿಗೊತ್ತಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನಲ್ಲಿ ವಿರಳ. ಅದೇ 1880ರ ದಶಕದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. ಹಡಗಿನವರಿಗೆ ಸಿಕ್ಕದ ಲಾಭ ಸಾಹಿತ್ಯಕ್ಕೆ ಸಿಕ್ಕಿತೆನ್ನಬೇಕು!

ಈ ಕೊಲ್ಲಿಯಿಂದ ನಿಜವಾಗಿ ಬದುಕಿದವರು ಮೀನುಗಾರರು. ಇಲ್ಲಿಯ ರಂಪಣಿ ಬಲೆ ಪ್ರಸಿದ್ಧವಾದುದು. ದೋಣಿಯಿಂದ ಬಲೆಯನ್ನು ಕಡಲಲ್ಲಿ ಅರೆವೃತ್ತವಾಗಿ ಬಿಟ್ಟು, ಎರಡು ತುದಿಗಳನ್ನು ದಡದಿಂದ ಹತ್ತಾರು ಮಂದಿ ಎಳೆಯುತ್ತಾರೆ. ಬಂಗಡೆ, ತಾರ್ಲಿ ಮೀನುಗಳ ಹಿಂಡು ಮರಳಿನ ಮೇಲೆ ಬರುತ್ತದೆ. ಇದಕ್ಕೆ ಕಲ್ಲಿಲ್ಲದ ತಳ, ಶಾಂತವಾದ ಬಾಗುದಂಡೆ ಬೇಕು. ಬಲೆ ಎಳೆದವರಿಗೆಲ್ಲ ಪಾಲುಂಟು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮುನ್ನವೇ ಸುತ್ತುವರಿದಾಗ ರಂಪಣಿ ಕುಗ್ಗಿತು, ಪಾಲೂ ಕುಗ್ಗಿತು.

ಈಗ ಬೈತಖೋಲದಲ್ಲಿ ವಾಣಿಜ್ಯ ಬಂದರೂ ಮೀನುಗಾರಿಕಾ ಬಂದರೂ ಅಕ್ಕಪಕ್ಕದಲ್ಲಿವೆ. ದಕ್ಷಿಣದ ಅರ್ಗಾ ಕಡೆಗೆ 2005ರಲ್ಲಿ ನೌಕಾಪಡೆಯ ಕದಂಬ ನೆಲೆ ಆರಂಭವಾಯಿತು. ಅದಕ್ಕಾಗಿ ಅನೇಕ ಊರವರು ನೆಲವನ್ನೂ ಕಡಲದಂಡೆಯನ್ನೂ ಬಿಟ್ಟುಕೊಟ್ಟಿದ್ದರು. ಆದಕಾರಣ 2020ರ ಜನವರಿಯಲ್ಲಿ ವಾಣಿಜ್ಯ ಬಂದರನ್ನು ಹಿಗ್ಗಿಸುವ ಕೆಲಸಕ್ಕೆ ಕೈಹಾಕಿದಾಗ ಮೀನುಗಾರರು ಬೀದಿಗಿಳಿದುದು ಆಶ್ಚರ್ಯವಲ್ಲ. ಉಳಿದ ದಂಡೆಯೂ ಹೋದರೆ ದೋಣಿಯನ್ನು ಎಲ್ಲಿ ಎಳೆದಿಡುವುದೆಂಬುದು ಅವರ ಪ್ರಶ್ನೆ. ಹಡಗುಗಳಿಂದ ನಾಡಿಗೆ ಆದಾಯವುಂಟೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಡಗಿಗೆ ತಡೆಗೋಡೆ ಕಟ್ಟಿ ನೀರನ್ನು ಶಾಂತಗೊಳಿಸಬಹುದು, ರಂಪಣಿಗೆ ಬೇಕಾದ ಮರಳದಂಡೆಯನ್ನು ಹಾಗೆ ಕಟ್ಟಿಕೊಡಲಾಗದು.

ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಅವು ಇಲ್ಲಿ ಸಾಲಾಗಿ ತಂಗುತ್ತವೆ. ಚಂಡಮಾರುತವೆದ್ದರೆ ಬೇರೆ ರಾಜ್ಯಗಳ ದೋಣಿಗಳೂ ಈ ಮರೆಗೆ ಓಡಿಬರುತ್ತವೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬೀಸಿದಾಗಲೂ ಅವು ಗುಡ್ಡದ ಈ ಮಗ್ಗುಲಿಗೇ ಬಂದು ಲಂಗರು ಇಳಿಸಿದವು.