ಕಡಲ ಗವಿಯೂ ನೀರಿನ ಧಾರೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮೇಲೆ ಸುರಿಯುವ ಮುಂಗಾರು ಮಳೆಯು ಅರಬ್ಬೀ ಸಮುದ್ರದ ಕಡೆಯಿಂದ ಬಂದುದು. ಆದರೆ ಆ ನೀರಿನ ಬಹುಪಾಲು ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ. ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಪೂರ್ವಕ್ಕೆ ಹರಿದು, ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹೀಗೆ ಪಶ್ಚಿಮದ ಕಡಲು ಘಟ್ಟದ ಆಚೆಗೇ ಇದ್ದರೂ ಈ ಸೀಮೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು ಕೆರೆ, ಕಾಲುವೆ, ಹೊಳೆಗಳ ನೀರು, ಅಲೆಯ ನೀರಲ್ಲ. ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸದಲ್ಲಿ ಘಟ್ಟವಿಳಿದು ಗೋಕರ್ಣ, ಮುರ್ಡೇಶ್ವರ, ಕಾರವಾರಗಳಿಗೆ ಹೋದಾಗಲೇ ಹಲವರಿಗೆ ಸಮುದ್ರದ ಪ್ರಥಮ ದರ್ಶನ.

ಈಗ ಆ ತೀರಗಳಲ್ಲಿ ಜೆಟ್ ಸ್ಕೀ ಎಂಬ ವಾಹನದ ಸವಾರಿಯೂ ದೊರೆಯುತ್ತದೆ. ಹೊರದೇಶಗಳಲ್ಲಿ ಇದು ಇನ್ನೂ ಮುಂದುವರಿದಿದೆ. ಪೋರ್ಚುಗಲ್ ದೇಶದ ದಕ್ಷಿಣ ತೀರದಲ್ಲಿ ಬೆನಾಗಿಲ್ ಎಂಬ ಕಡಲ ಗವಿಯ ಕಡೆಗೆ, ಮಾರ್ಗದರ್ಶಿಯೊಬ್ಬನನ್ನು ಮುಂದಿಟ್ಟುಕೊಂಡು, ಪ್ರವಾಸಿಗಳು ಜೆಟ್ ಸ್ಕೀಗಳಲ್ಲಿ ಸಾಲಾಗಿ ಸಾಗುವುದುಂಟು. ಇಂತಹ ಯಾತ್ರೆಯಲ್ಲಿ ಭೌತಶಾಸ್ತ್ರದ ಎರಡು ಪಾಠಗಳು ಅಡಗಿವೆ. ಈ ವಾಹನವು ಹೇಗೆ ಓಡುತ್ತದೆ, ಹೇಗೆ ತಿರುಗುತ್ತದೆ? ಕಡಲ ಗವಿಯು ಇರುವ ಸ್ಥಳದಲ್ಲಿಯೇ ಏಕೆ ಇದೆ? ಇವು ಕೇವಲ ಕುತೂಹಲದ ಪ್ರಶ್ನೆಗಳಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಅದು ನೀರಿಗಿಳಿದಾಗ ಆದ ದುರಂತ, ವಾಹನದ್ದಲ್ಲ. ಆದರೂ ಕೆರೆಯ ನೀರನ್ನು ಮಾತ್ರ ಬಲ್ಲವರು ಕಡಲಿನ ನಿಯಮಗಳನ್ನು ಬೇರೆಯಾಗಿ ಕಲಿಯಬೇಕೆಂಬುದನ್ನು ಅದು ನೆನಪಿಸುತ್ತದೆ.

ಧಾರೆಯ ಹಿಮ್ಮುಖ ಒತ್ತಡ

ಹೊಲದಲ್ಲಿ ಪಂಪುಸೆಟ್ಟಿನ ರಬ್ಬರು ಕೊಳವೆಯನ್ನು ಹಿಡಿದವರಿಗೆ ಒಂದು ಅನುಭವವಿರುತ್ತದೆ. ಕೊಳವೆಯ ಬಾಯಿಯನ್ನು ಕಿರಿದುಮಾಡಿದೊಡನೆ ನೀರು ರಭಸದಿಂದ ಚಿಮ್ಮುತ್ತದೆ. ಕೊಳವೆಯು ಕೈಯನ್ನು ಹಿಂದಕ್ಕೆ ನೂಕುತ್ತದೆ. ನೀರನ್ನು ಮುಂದಕ್ಕೆ ತಳ್ಳುವ ಬಲಕ್ಕೆ ಸಮನಾದ ಬಲವು ಕೊಳವೆಯ ಮೇಲೆ ಹಿಂದಕ್ಕೆ ವರ್ತಿಸುವುದೇ ಇದಕ್ಕೆ ಕಾರಣ. ಇದು ನ್ಯೂಟನ್ನನ ಮೂರನೆಯ ನಿಯಮ.

ಜೆಟ್ ಸ್ಕೀಯು ಈ ಕೊಳವೆಯ ಮೇಲೆ ಕುಳಿತ ಸವಾರಿಯೇ ಸರಿ. ಅದರ ಹೊರಗಡೆ ಸಾಮಾನ್ಯ ಮೋಟಾರು ದೋಣಿಗಿರುವಂತೆ ತಿರುಗುವ ಪಂಖವಿಲ್ಲ. ತಳದಲ್ಲಿರುವ ಜಾಲರಿಯ ಮೂಲಕ ನೀರು ಒಳಸೇರುತ್ತದೆ. ಒಳಗೆ ಅಡಗಿರುವ ರೆಕ್ಕೆಯ ಚಕ್ರವು ಅದನ್ನು ವೇಗಗೊಳಿಸುತ್ತದೆ. ಹಿಂದಿನ ಕಿರಿದಾದ ಮೂತಿಯಿಂದ ಅದು ಧಾರೆಯಾಗಿ ಹೊರಚಿಮ್ಮುತ್ತದೆ. ಧಾರೆಯು ಹಿಂದಕ್ಕೆ, ವಾಹನವು ಮುಂದಕ್ಕೆ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬಾತನು 1950ರ ದಶಕದಲ್ಲಿ ಆಳವಿಲ್ಲದ ನದಿಗಳಿಗಾಗಿ ಇಂತಹ ಧಾರಾದೋಣಿಯನ್ನು ಬಳಕೆಗೆ ತಂದನು. ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಎಂಬಾತನು 1960ರ ದಶಕದಲ್ಲಿ ಒಬ್ಬ ಸವಾರನಿಗೆ ತಕ್ಕ ವಾಹನವನ್ನು ರೂಪಿಸಿದನು. ಜಪಾನಿನ ಕವಾಸಾಕಿ ಕಂಪನಿಯು 1970ರ ದಶಕದ ಆರಂಭದಲ್ಲಿ ಅದಕ್ಕೆ ಇಟ್ಟ ವ್ಯಾಪಾರದ ಹೆಸರೇ ಜೆಟ್ ಸ್ಕೀ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಸೆಕೆಂಡಿಗೆ 100 ಕಿಲೋಗ್ರಾಂ ನೀರು ಮೂತಿಯಿಂದ 25 ಮೀಟರ್ ವೇಗದಲ್ಲಿ ಹೊರಬೀಳುತ್ತಿದೆಯೆಂದೂ, ವಾಹನವು ಸೆಕೆಂಡಿಗೆ 10 ಮೀಟರ್, ಎಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆಂದೂ ಇಟ್ಟುಕೊಳ್ಳೋಣ. ಒಳಬರುವ ನೀರಿಗೆ ವಾಹನದ ದೃಷ್ಟಿಯಿಂದ ಆಗಲೇ 10 ಮೀಟರ್ ವೇಗವಿದೆ. ಆದುದರಿಂದ ಪ್ರತಿ ಸೆಕೆಂಡಿಗೆ ನೀರು ಪಡೆಯುವ ಸಂವೇಗವು 100ನ್ನು 25 ಮತ್ತು 10ರ ಅಂತರವಾದ 15ರಿಂದ ಗುಣಿಸಿದಷ್ಟು. ವಾಹನವನ್ನು ಮುಂದೂಡುವ ಬಲ 1500 ನ್ಯೂಟನ್.

ತಿರುಗುವ ಗುಟ್ಟು

ಇನ್ನು ತಿರುಗುವ ವಿಚಾರ. ದೋಣಿಗೆ ಚುಕ್ಕಾಣಿಯುಂಟು. ದೋಣಿಯು ಹುಟ್ಟು ಹಾಕದೆ ತೇಲಿಹೋಗುತ್ತಿದ್ದರೂ ಹರಿಯುವ ನೀರು ಚುಕ್ಕಾಣಿಯ ಹಲಗೆಗೆ ಬಡಿದು ಅದನ್ನು ತಿರುಗಿಸುತ್ತದೆ. ಜೆಟ್ ಸ್ಕೀಗೆ ಚುಕ್ಕಾಣಿಯಿಲ್ಲ. ಹಿಡಿಕೆಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಹಿಂದಿನ ಮೂತಿಯು ಓರೆಯಾಗುತ್ತದೆ. ಓರೆಯಾದ ಧಾರೆಯು ವಾಹನದ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಮೂತಿಯು 20 ಅಂಶಗಳಷ್ಟು ಓರೆಯಾದರೆ ಮೇಲಿನ ಲೆಕ್ಕದಂತೆ ಈ ಪಕ್ಕದ ಬಲವು ಸುಮಾರು 850 ನ್ಯೂಟನ್.

ಈಗ ಸವಾರನು ವೇಗವರ್ಧಕದಿಂದ ಬೆರಳನ್ನು ತೆಗೆದನೆನ್ನಿ. ಧಾರೆಯು ನಿಲ್ಲುತ್ತದೆ. ಮುಂದೂಡುವ 1500 ನ್ಯೂಟನ್ ಹೋಯಿತು. ಅದರ ಜೊತೆಗೆ ತಿರುಗಿಸುವ 850 ನ್ಯೂಟನ್ ಕೂಡ ಹೋಯಿತು. ಆದರೆ 10 ಮೀಟರ್ ವೇಗ ಮಾತ್ರ ಹೋಗಲಿಲ್ಲ. ಜಡತ್ವದ ನಿಯಮವು ಅದನ್ನು ಕಾಪಾಡುತ್ತದೆ. ಇನ್ನು ಹಿಡಿಕೆಯನ್ನು ಎಷ್ಟು ತಿರುಗಿಸಿದರೂ ವಾಹನವು ಹೆಚ್ಚುಕಡಿಮೆ ನೇರವಾಗಿಯೇ ಜಾರುತ್ತದೆ.

ಇದರ ಅಪಾಯವನ್ನು ಗಮನಿಸಬೇಕು. ಮುಂದೆ ಬಂಡೆಯೋ ಈಜುವವನೋ ಕಂಡಾಗ ಗಾಬರಿಯಾದ ಮನುಷ್ಯನ ಕೈ ಮೊದಲು ಮಾಡುವ ಕೆಲಸವೇ ವೇಗವರ್ಧಕವನ್ನು ಬಿಡುವುದು. ರಸ್ತೆಯ ಮೇಲೆ ಮೋಟಾರು ಸೈಕಲ್ಲಿನಲ್ಲಿ ಅದು ಸರಿಯಾದ ಕೆಲಸ. ನೀರಿನ ಮೇಲೆ ಅದೇ ಕೆಲಸವು ತಿರುಗುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಕೈ ಬಿಡಲು 1 ಸೆಕೆಂಡು ಹಿಡಿಯಿತೆಂದರೆ 10 ಮೀಟರ್ ಕಳೆಯಿತು. ನೀರಿನ ತಡೆಯಿಂದ ವೇಗವು ಸರಾಸರಿ ಸೆಕೆಂಡಿಗೆ 1.5 ಮೀಟರಿನಂತೆ ಇಳಿಯುವುದಾದರೆ ನಿಲ್ಲುವುದಕ್ಕೆ ಇನ್ನೂ 33 ಮೀಟರ್ ಬೇಕು. ಒಟ್ಟು 43 ಮೀಟರ್. ಇತ್ತೀಚಿನ ಕೆಲವು ಮಾದರಿಗಳಲ್ಲಿ ಧಾರೆಯನ್ನು ಮುಂದಕ್ಕೆ ಹೊರಳಿಸಿ ವೇಗ ತಗ್ಗಿಸುವ ಏರ್ಪಾಡು ಇದೆ. ಆದರೆ ಬಾಡಿಗೆಗೆ ದೊರೆತ ವಾಹನದಲ್ಲಿ ಅದು ಇದ್ದೇ ಇರುವುದೆಂದು ನಂಬಬಾರದು. ಮುಂದಿನ ವಾಹನದಿಂದ ಬಹಳ ದೂರವಿರಬೇಕೆಂದು ಮಾರ್ಗದರ್ಶಿಯು ಹೇಳುವುದು ಈ ಲೆಕ್ಕದಿಂದಲೇ.

ಗವಿ ಎಲ್ಲಿ ಹುಟ್ಟುತ್ತದೆ?

ವಾಹನದ ಗುಣವನ್ನು ಅರಿತೆವು. ಅದು ಹೋಗಬೇಕಾದ ಸ್ಥಳದ ಗುಣವನ್ನು ಈಗ ನೋಡೋಣ. ಗೋಕರ್ಣದ ಓಂ ತೀರವನ್ನು ಮೇಲಿನ ಗುಡ್ಡದಿಂದ ನೋಡಿದರೆ ಎರಡು ಬಾಗಿದ ಮರಳಿನ ದಂಡೆಗಳೂ ಅವುಗಳ ನಡುವೆ ಬಂಡೆಯ ಚಾಚೂ ಕಾಣುತ್ತವೆ. ಮರಳು ಬಾಗಿನಲ್ಲಿಯೇ ಏಕೆ, ಬಂಡೆಯು ಚಾಚಿನಲ್ಲಿಯೇ ಏಕೆ?

ಆಳವಿಲ್ಲದ ನೀರಿನಲ್ಲಿ ಅಲೆಯ ವೇಗವು ಆಳದ ವರ್ಗಮೂಲವನ್ನು ಅನುಸರಿಸುತ್ತದೆ. 10 ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 10 ಮೀಟರ್. ಎರಡೂವರೆ ಮೀಟರ್ ಆಳದಲ್ಲಿ ಅದರ ಅರ್ಧ. ಭೂಶಿರದ ಮುಂದೆ ಸಾಮಾನ್ಯವಾಗಿ ಆಳವು ಬೇಗನೆ ತಗ್ಗುತ್ತದೆ. ಅಲ್ಲಿ ಅಲೆಯು ನಿಧಾನವಾಗುತ್ತದೆ. ಅದರ ಎರಡು ಪಕ್ಕಗಳು ಆಳದ ನೀರಿನಲ್ಲಿ ವೇಗವಾಗಿಯೇ ಮುಂದುವರಿಯುತ್ತವೆ. ಹೀಗೆ ಅಲೆಯ ಸಾಲು ಬಾಗಿ ಭೂಶಿರವನ್ನು ಸುತ್ತುವರಿಯುತ್ತದೆ. ಗಾಜಿನ ಮಸೂರವು ಬೆಳಕನ್ನು ಕೂಡಿಸುವಂತೆಯೇ ಇದು. ವಕ್ರೀಭವನದ ಪಾಠವೇ ಇಲ್ಲಿಯೂ ನಡೆಯುತ್ತದೆ. ಪರಿಣಾಮವಾಗಿ ಅಲೆಯ ಶಕ್ತಿಯು ಚಾಚಿನ ಮೇಲೆ ಕೂಡುತ್ತದೆ, ಬಾಗಿನಲ್ಲಿ ಚದರಿಹೋಗುತ್ತದೆ. ಬಾಗಿನಲ್ಲಿ ಮರಳು ನಿಲ್ಲುತ್ತದೆ. ಚಾಚಿನಲ್ಲಿ ಬಂಡೆಯು ಪೆಟ್ಟು ತಿನ್ನುತ್ತದೆ.

ಪೆಟ್ಟು ತಿನ್ನುವ ಬಂಡೆಯಲ್ಲಿ ಬಿರುಕಿದ್ದರೆ ಗವಿಯು ಅಲ್ಲಿಂದ ಆರಂಭವಾಗುತ್ತದೆ. ಬಿರುಕುಗಳು ಹಲವು ಬಗೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಕರಗಿ ಹರಿದ ಶಿಲೆಯು ತಣಿದು ಕುಗ್ಗುವಾಗ ಸೀಳಿ ಕಂಬಕಂಬವಾಗಿ ನಿಂತಿದೆ. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿ ಇಂತಹ ಕಂಬಗಳ ನಡುವೆಯೇ ಅಲೆಗಳು ಫಿಂಗಲ್ ಗವಿಯನ್ನು ಕೊರೆದಿವೆ. ಅಲೆಯು ಬಿರುಕಿಗೆ ನುಗ್ಗಿದಾಗ ಒಳಗಿನ ಗಾಳಿಗೆ ಹೊರಬರಲು ದಾರಿಯಿರುವುದಿಲ್ಲ. ಗಾಳಿಯ ಗಾತ್ರವು ಅರ್ಧಕ್ಕೆ ಕುಗ್ಗಿತೆಂದರೆ ಬಾಯ್ಲನ ನಿಯಮದಂತೆ ಒತ್ತಡವು ಇಮ್ಮಡಿಯಾಗುತ್ತದೆ. ಹೀಗೆ ಹೆಚ್ಚಾದ ಒಂದು ವಾಯುಭಾರದ ಒತ್ತಡವೆಂದರೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ತೂಕ ಹೇರಿದಂತೆ. ಅಲೆಯು ಹಿಂಜರಿದೊಡನೆ ಆ ಒತ್ತಡವು ಹಠಾತ್ತನೆ ಇಳಿಯುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ಒತ್ತಿ ಬಿಟ್ಟು ಮಾಡಿದರೆ ಕಲ್ಲು ಸಡಿಲವಾಗದೆ ಇರುತ್ತದೆಯೆ? ಸಡಿಲಾದ ಚೂರುಗಳೂ ಮರಳೂ ಉಳಿದ ಬಂಡೆಯನ್ನು ಅರೆಯುತ್ತವೆ.

ಆದುದರಿಂದ ಗವಿಯ ನೆಲೆಯು ಆಕಸ್ಮಿಕವಲ್ಲ. ಅಲೆಯು ಎಲ್ಲಿ ಅತಿ ಬಲವಾಗಿ ಬಡಿಯುವುದೋ ಅಲ್ಲಿಯೇ ಗವಿಯಾಗುತ್ತದೆ. ಗವಿಯ ಬಾಯಿಯು ಆಶ್ರಯದಂತೆ ಕಂಡರೂ ವಾಸ್ತವವಾಗಿ ಅದು ಪೆಟ್ಟಿನ ಗುರುತು.

ನೀಲಿಯ ಆಕರ್ಷಣೆ

ಇಂತಹ ಸ್ಥಳಕ್ಕೆ ಜನ ಹೋಗಬಯಸುವುದಾದರೂ ಏಕೆ? ಇಟಲಿಯ ಕಾಪ್ರಿ ದ್ವೀಪದ ನೀಲಿ ಗವಿಯು ಇದಕ್ಕೆ ಉತ್ತರ. ಅದರ ಬಾಯಿಯು ನೀರಿನಿಂದ ಸುಮಾರು 1 ಮೀಟರ್ ಮಾತ್ರ ಎತ್ತರ. ನೀರಿನೊಳಗೆ ಇನ್ನೂ ದೊಡ್ಡ ತೆರಪಿದೆ. ಸೂರ್ಯನ ಬೆಳಕು ಈ ಕೆಳಗಿನ ತೆರಪಿನಿಂದ, ನೀರನ್ನು ಹಾದು ಒಳಸೇರುತ್ತದೆ. ನೀರು ಕೆಂಪನ್ನು ಹೆಚ್ಚಾಗಿ ಹೀರಿ ನೀಲಿಯನ್ನು ಉಳಿಸುವುದರಿಂದ ಗವಿಯೆಲ್ಲ ಕೆಳಗಿನಿಂದ ನೀಲಿಯಾಗಿ ಬೆಳಗುತ್ತದೆ. ಸಮುದ್ರದ ನೀಲಿಯು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಕಣಗಳೇ ಬೆಳಕನ್ನು ಚದರಿಸುತ್ತವೆ ಎಂಬುದನ್ನು 1921ರ ತಮ್ಮ ಹಡಗಿನ ಪ್ರಯಾಣದ ನಂತರ ತೋರಿಸಿಕೊಟ್ಟವರು ಚಂದ್ರಶೇಖರ ವೆಂಕಟರಾಮನ್ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಕಾಪ್ರಿಯ ಗವಿಯೊಳಕ್ಕೆ ಪ್ರವಾಸಿಗಳನ್ನು ಕರೆದೊಯ್ಯುವುದು ಸಣ್ಣ ಹುಟ್ಟುದೋಣಿಗಳಲ್ಲಿ; ದೋಣಿಯೊಳಗೆ ಮಲಗಿಯೇ ಬಾಯಿಯನ್ನು ದಾಟಬೇಕು. ಕಡಲು ಕದಡಿದ ದಿನ ಪ್ರವೇಶವೇ ಇಲ್ಲ.

ಗವಿಯೊಳಗಿನ ಅಲೆ

ಹೊರಗೆ ಅಲೆಯು ಅರ್ಧ ಮೀಟರಿನಷ್ಟಿದ್ದರೆ ಒಳಗೆಷ್ಟು? ಕಿರಿದಾಗುವ, ಆಳ ತಗ್ಗುವ ಕಾಲುವೆಯಲ್ಲಿ ಅಲೆಯು ಹೇಗೆ ಬೆಳೆಯುವುದೆಂಬುದನ್ನು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್ 1837ರಲ್ಲಿ ಲೆಕ್ಕ ಹಾಕಿದನು. ಅಗಲವು 8 ಮೀಟರಿನಿಂದ 2 ಮೀಟರಿಗೆ ಇಳಿದರೆ ಅಲೆಯ ಎತ್ತರ ಇಮ್ಮಡಿ. ಆಳವು 10 ಮೀಟರಿನಿಂದ ಎರಡೂವರೆ ಮೀಟರಿಗೆ ಇಳಿದರೆ ಸುಮಾರು 1.4 ಪಟ್ಟು. ಎರಡೂ ಕೂಡಿದರೆ 2.8 ಪಟ್ಟು. ಅರ್ಧ ಮೀಟರಿನ ಅಲೆ ಒಳಗೆ 1.4 ಮೀಟರ್! ಈ ನಿಯಮವು ಮೆಲ್ಲಗೆ ಕಿರಿದಾಗುವ ಕಾಲುವೆಗೆ ಸಂಬಂಧಿಸಿದುದು. ಒರಟಾದ ಗವಿಯಲ್ಲಿ ಲೆಕ್ಕ ತುಸು ಬದಲಾದೀತು. ಆದರೆ ಅಲೆಯು ಒಳಗೆ ಬೆಳೆಯುತ್ತದೆ ಎಂಬ ತಾತ್ಪರ್ಯ ಬದಲಾಗದು. ನೀರು ಏರಿದಷ್ಟೂ ಚಾವಣಿಯು ತಲೆಗೆ ಹತ್ತಿರವಾಗುತ್ತದೆ.

ಇನ್ನೊಂದು ಮೋಸವೂ ಇದೆ. ಎರಡು ಶ್ರುತಿಕವೆಗಳ ಆವರ್ತಗಳು ತುಸು ಬೇರೆಯಾಗಿದ್ದರೆ ನಾದವು ಏರುತ್ತ ಇಳಿಯುತ್ತ ಕೇಳಿಸುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕೇಳಿದ್ದಾರೆ. ಕಡಲಿನಲ್ಲಿಯೂ ಹಾಗೆಯೇ. 10 ಸೆಕೆಂಡಿನ ಅಲೆಯೂ 11 ಸೆಕೆಂಡಿನ ಅಲೆಯೂ ಒಟ್ಟಿಗೆ ಬಂದರೆ 110 ಸೆಕೆಂಡಿಗೊಮ್ಮೆ ಎರಡೂ ಕೂಡಿ ದೊಡ್ಡ ಅಲೆಗಳ ಗುಂಪಾಗುತ್ತದೆ. ನಡುವೆ ಒಂದಕ್ಕೊಂದು ವಿರೋಧಿಸಿ ಕಡಲು ಶಾಂತವಾಗುತ್ತದೆ. ಈ ಶಾಂತಿಯನ್ನು ನಂಬಿ ಒಳಹೊಕ್ಕವನು ಒಂದು ನಿಮಿಷದೊಳಗೆ ದೊಡ್ಡ ಅಲೆಗಳ ಎದುರಿಗಿರುತ್ತಾನೆ.

ಮಾರ್ಗದರ್ಶಿಯ ಲೆಕ್ಕ

ಈಗ ಎರಡು ಪಾಠಗಳನ್ನು ಕೂಡಿಸೋಣ. ವಾಹನವು ತಿರುಗಬೇಕಾದರೆ ಧಾರೆ ಬೇಕು, ಎಂದರೆ ಮುಂದೂಡುವ ಬಲವೂ ಅದರೊಡನೆ ಬರುತ್ತದೆ. ಇಕ್ಕಟ್ಟಾದ ಗವಿಯಲ್ಲಿ ಆ ಬಲವನ್ನು ಪ್ರಯೋಗಿಸಲು ಜಾಗವಿಲ್ಲ. ಪ್ರಯೋಗಿಸದಿದ್ದರೆ ಅಲೆಯು ತನ್ನಿಚ್ಛೆಯಂತೆ ವಾಹನವನ್ನು ಗೋಡೆಗೆ ಒಯ್ಯುತ್ತದೆ. ಸಾಲದುದಕ್ಕೆ ತಳದ ಜಾಲರಿಯು ಮರಳನ್ನೂ ಪಾಚಿಯನ್ನೂ ಹೀರಿ ಕಟ್ಟಿಕೊಳ್ಳಬಹುದು. ಪೆಟ್ರೋಲು ಎಂಜಿನಿನಿಂದ ಬರುವ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವು ಮುಚ್ಚಿದ ಸ್ಥಳದಲ್ಲಿ ಕೂಡಿಕೊಳ್ಳುತ್ತದೆ. ಆದುದರಿಂದ ಬಲ್ಲ ಮಾರ್ಗದರ್ಶಿಯು ಗವಿಯ ಬಾಯಿಯ ಹೊರಗೆ, ಸಾಕಷ್ಟು ದೂರದಲ್ಲಿ ನಿಲ್ಲುತ್ತಾನೆ. ಹಲವು ನಿಮಿಷ ಅಲೆಗಳನ್ನು ಎಣಿಸುತ್ತಾನೆ. ಉಬ್ಬರವಿಳಿತದ ವೇಳೆಯನ್ನು ಮೊದಲೇ ನೋಡಿರುತ್ತಾನೆ. ನೋಡಿದ್ದು ಸಾಕು, ಹಿಂದಿರುಗೋಣ ಎಂದು ಆತನು ಹೇಳಿದರೆ ಅದು ಅಂಜಿಕೆಯಲ್ಲ, ಲೆಕ್ಕ.

ಪ್ರವಾಸಕ್ಕೆ ಹೋಗುವ ವಿದ್ಯಾರ್ಥಿಗಳು ನೆನಪಿಡಬೇಕಾದುದು ಸ್ವಲ್ಪವೇ. ತೇಲುವ ಅಂಗಿಯನ್ನು ಬಿಗಿಯಾಗಿ ತೊಡಬೇಕು. ಸವಾರನು ಬಿದ್ದೊಡನೆ ಎಂಜಿನನ್ನು ನಿಲ್ಲಿಸುವ ದಾರವು ಅವನಿಗೆ ಕಟ್ಟಿರಬೇಕು. ಓಡುತ್ತಿರುವ ವಾಹನದ ಹಿಂದೆ, ಧಾರೆಯ ಎದುರಿಗೆ, ಯಾರೂ ಇರಬಾರದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಈ ಆಟವೇ ಬೇಡ. ತೀರದ ಕಾವಲುಗಾರನು ಬೇಡವೆಂದರೆ ಮರುಮಾತಿಲ್ಲದೆ ಹಿಂದಿರುಗಬೇಕು.

ಮಾಡಿ ನೋಡಿ

ತಿರುಗುವ ಗುಟ್ಟನ್ನು ಪರೀಕ್ಷಿಸಲು ಕಡಲಿಗೆ ಹೋಗಬೇಕಾಗಿಲ್ಲ. ಅಗಲವಾದ ಥರ್ಮೊಕೋಲ್ ಹಲಗೆಯೊಂದನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಡಿ. ಅದರ ಮೇಲೆ ಪ್ಲಾಸ್ಟಿಕ್ ಲೋಟವನ್ನಿಟ್ಟು ಅಂಟಿಸಿ, ಲೋಟದ ಬುಡದಲ್ಲಿ ತೂತು ಕೊರೆದು, ಬಾಗುವ ಹೀರುಗೊಳವೆಯನ್ನು ಸೇರಿಸಿ ಹಲಗೆಯ ಹಿಂದಂಚಿನಿಂದ ಹೊರಚಾಚಿ. ಕೊಳವೆಯ ತುದಿಯು ನೀರಿಗೆ ತಾಗದಿರಲಿ. ಲೋಟಕ್ಕೆ ನೀರು ತುಂಬಿದರೆ ಹಲಗೆಯು ಮುಂದಕ್ಕೆ ಹೊರಡುತ್ತದೆ. ತುದಿಯನ್ನು ಪಕ್ಕಕ್ಕೆ ಬಾಗಿಸಿದರೆ ತಿರುಗುತ್ತದೆ. ನೀರು ಮುಗಿದ ಮೇಲೆ ತುದಿಯನ್ನು ಹಾಗೆಯೇ ಬಾಗಿಸಿಟ್ಟು, ಹಲಗೆಯನ್ನು ಕೈಯಿಂದ ನೇರವಾಗಿ ಮೆಲ್ಲಗೆ ನೂಕಿ ನೋಡಿ. ಅದು ತಿರುಗದೆ ಮುಂದಕ್ಕೆ ಹೋಗಿ ತೊಟ್ಟಿಯ ಗೋಡೆಗೆ ತಗಲುತ್ತದೆ.