ಕ್ಷಯರೋಗಾಣುವಿನ ಬಣ್ಣ ಬಯಲಾದದ್ದು ಹೇಗೆ?

ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ವೈದ್ಯರು ಕಫ ಪರೀಕ್ಷೆಗೆ ಚೀಟಿ ಬರೆದುಕೊಡುತ್ತಾರೆ. ಅನೇಕರು ಆ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು, ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಯುತ್ತಾರೆ. ‘ಟಿಬಿ ಎಂದು ಗೊತ್ತಾದರೆ ಮಗಳ ಮದುವೆಗೆ ತೊಂದರೆಯಾದೀತು’ ಎಂಬ ಭಯ ಒಂದು ಕಡೆ, ಕಫದಲ್ಲಿ ಅಂಥದ್ದೇನು ಕಾಣುತ್ತದೆ ಎಂಬ ಅನುಮಾನ ಇನ್ನೊಂದು ಕಡೆ. ಈ ಪರೀಕ್ಷೆ ಹುಟ್ಟಿಕೊಂಡ ಬಗೆಯನ್ನು ತಿಳಿದರೆ ಅನುಮಾನ ದೂರವಾಗುತ್ತದೆ.

19ನೇ ಶತಮಾನದ ಯುರೋಪಿನಲ್ಲಿ ಸಾಯುವ ಏಳು ಮಂದಿಯಲ್ಲಿ ಒಬ್ಬರು ಕ್ಷಯದಿಂದ ಸಾಯುತ್ತಿದ್ದರು ಎಂಬುದು ಅಂದಿನ ಲೆಕ್ಕ. ಇದು ವಂಶದಿಂದ ಬರುವ ಕಾಯಿಲೆ ಎಂದು ಎಷ್ಟೋ ವೈದ್ಯರೇ ನಂಬಿದ್ದರು. ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಇದರ ಹಿಂದೆ ರೋಗಾಣುವಿದೆ ಎಂದು ಶಂಕಿಸಿ, 1881ರಲ್ಲಿ ಬರ್ಲಿನ್‌ನಲ್ಲಿ ಅದರ ಹುಡುಕಾಟಕ್ಕೆ ತೊಡಗಿದರು.

ಬ್ಯಾಕ್ಟೀರಿಯಾಗಳಿಗೆ ಹೆಚ್ಚಾಗಿ ಸ್ವಂತ ಬಣ್ಣವಿರುವುದಿಲ್ಲ. ಸೂಕ್ಷ್ಮದರ್ಶಕದಡಿ ಇಟ್ಟರೂ ಸುತ್ತಲಿನ ವಸ್ತುವಿನಲ್ಲಿ ಕರಗಿಹೋದಂತಿರುತ್ತವೆ. ಆದ್ದರಿಂದ ಕಾಕ್ ಅವುಗಳಿಗೆ ಕೃತಕ ಬಣ್ಣ ಹಚ್ಚಿ ನೋಡುತ್ತಿದ್ದರು. ಆದರೆ ಕ್ಷಯದ ರೋಗಾಣು ಸುಲಭವಾಗಿ ಬಣ್ಣ ಹಿಡಿಯಲಿಲ್ಲ. ಅದರ ಮೈಮೇಲೆ ಮೇಣದಂಥ ಹೊದಿಕೆಯಿದೆ. ಮೇಣ ಸವರಿದ ಬಟ್ಟೆ ನೀರು ಹೀರದಂತೆ, ಅದು ಬಣ್ಣವನ್ನು ಒಳಗೆ ಬಿಡುವುದಿಲ್ಲ.

ಕಾಕ್ ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ ಕ್ಷಾರ ಬೆರೆಸಿ, ಮಾದರಿಯನ್ನು ಸುಮಾರು 24 ಗಂಟೆ ಅದರಲ್ಲಿ ನೆನೆಸಿಟ್ಟರು. ಬಳಿಕ ಕಂದು ಬಣ್ಣ ಹಚ್ಚಿದರು. ಉಳಿದದ್ದೆಲ್ಲ ಕಂದಾಯಿತು, ನಡುವೆ ತೆಳ್ಳಗಿನ ನೀಲಿ ಕಡ್ಡಿಗಳು ಎದ್ದು ಕಂಡವು. ಅಷ್ಟಕ್ಕೇ ನಿಲ್ಲದೆ ಆ ರೋಗಾಣುವನ್ನು ಬೇರೆಯಾಗಿ ಬೆಳೆಸಿ, ಅದರಿಂದ ಗಿನಿಯಿಲಿಗಳಿಗೆ ಕ್ಷಯ ತಗಲುತ್ತದೆಂದು ತೋರಿಸಿದರು. 1882ರ ಮಾರ್ಚ್ 24ರಂದು ಈ ಸಂಶೋಧನೆಯನ್ನು ಪ್ರಕಟಿಸಿದರು. ಅದೇ ದಿನವನ್ನು ಈಗ ವಿಶ್ವ ಕ್ಷಯರೋಗ ದಿನವಾಗಿ ಆಚರಿಸಲಾಗುತ್ತದೆ. 1905ರಲ್ಲಿ ಕಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಅಂದಿನ ಸಭೆಯಲ್ಲಿದ್ದ ಯುವ ವೈದ್ಯ ಪಾಲ್ ಎರ್ಲಿಕ್ ಅದೇ ವರ್ಷ ಈ ವಿಧಾನವನ್ನು ಇನ್ನಷ್ಟು ಸುಧಾರಿಸಿದರು. ಒಮ್ಮೆ ಬಣ್ಣ ಹಿಡಿದ ಕ್ಷಯರೋಗಾಣುವನ್ನು ಆಮ್ಲದಿಂದ ತೊಳೆದರೂ ಬಣ್ಣ ಹೋಗುವುದಿಲ್ಲ, ಉಳಿದವುಗಳದ್ದು ಹೋಗುತ್ತದೆ ಎಂದು ಅವರು ಕಂಡುಕೊಂಡರು. ಬಣ್ಣವನ್ನು ತಡೆದ ಹೊದಿಕೆಯೇ ಈಗ ರೋಗಾಣುವಿನ ಗುರುತಾಯಿತು! ಕೆಲವು ವರ್ಷಗಳ ನಂತರ ಎರ್ಲಿಕ್ ತಮ್ಮದೇ ಕಫದಲ್ಲಿ ಆ ಕಡ್ಡಿಗಳನ್ನು ಕಂಡರು. ಔಷಧವಿಲ್ಲದ ಕಾಲವದು, ಒಣಹವೆಯನ್ನು ಅರಸಿ ಈಜಿಪ್ಟಿಗೆ ಹೋಗಿ, ಚೇತರಿಸಿಕೊಂಡು ಮರಳಿದರು.

ಮುಂದೆ ಝೀಲ್ ಮತ್ತು ನೀಲ್ಸನ್ ಎಂಬವರು ತಿದ್ದಿದ ವಿಧಾನವೇ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ನೀಲಿ ಹಿನ್ನೆಲೆಯ ಮೇಲೆ ರೋಗಾಣುಗಳು ಕೆಂಪಾಗಿ ಕಾಣುತ್ತವೆ.

ಆದರೆ ಪರೀಕ್ಷೆ ಸರಿಯಾಗಬೇಕಾದರೆ ನೀವು ಕೊಡುವ ಕಫವೂ ಸರಿಯಾಗಿರಬೇಕು. ಬೆಳಿಗ್ಗೆ ಎದ್ದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ. ಬಯಲಲ್ಲಿ ನಿಂತು ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ. ಬರೀ ಉಗುಳು ಕೊಟ್ಟರೆ ಪ್ರಯೋಜನವಿಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿದ್ದರೆ ಮಾತ್ರ ಸೂಕ್ಷ್ಮದರ್ಶಕದಲ್ಲಿ ಪತ್ತೆಯಾಗುತ್ತವೆ. ಹಾಗಾಗಿ ಫಲಿತಾಂಶ ‘ಇಲ್ಲ’ ಎಂದು ಬಂದರೂ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಮುಂದುವರಿದರೆ ಮತ್ತೆ ವೈದ್ಯರನ್ನು ಕಾಣಿರಿ. ಇನ್ನೂ ಸೂಕ್ಷ್ಮವಾದ ಸಿಬಿನ್ಯಾಟ್ ಪರೀಕ್ಷೆಯೂ ಇದೆ. ಸರಕಾರಿ ಆಸ್ಪತ್ರೆಗಳಲ್ಲಿ ಟಿಬಿಯ ಪರೀಕ್ಷೆ, ಔಷಧ ಎರಡೂ ಉಚಿತ.

ಕ್ಷಯ ಹರಡುವುದು ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳಿಂದ. ತಟ್ಟೆ, ಲೋಟ, ಬಟ್ಟೆಗಳಿಂದಲ್ಲ. ರೋಗಿಯ ಪಾತ್ರೆ ಬೇರೆ ಮಾಡಿ ಮನ ನೋಯಿಸುವ ಬದಲು ಕಿಟಕಿ ತೆರೆದಿಡಿ, ಬಿಸಿಲು ಬರಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲು ಹೇಳಿ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದ್ದು. ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸಬಾರದು. ರಂಝಾನ್ ತಿಂಗಳು ಬಂದರೆ ಉಪವಾಸದ ಬಗ್ಗೆ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ, ಮಾತ್ರೆ ಮಾತ್ರ ತಪ್ಪಿಸಬೇಡಿ.

ಎರ್ಲಿಕ್‌ಗೆ ರೋಗ ತಿಳಿದಾಗ ಔಷಧವಿರಲಿಲ್ಲ. ನಮಗೆ ಇದೆ. ಮನೆಯಲ್ಲಿ ಯಾರಾದರೂ ಎರಡು ವಾರದಿಂದ ಕೆಮ್ಮುತ್ತಿದ್ದರೆ ನಾಳೆಯೇ ಕಫ ಪರೀಕ್ಷೆಗೆ ಕರೆದೊಯ್ಯಿರಿ.